ಎಡತೋಳು

"ಇಲ್ಲೂ ಇಲ್ಲ!" ಎಂದು ಮಗಳು ಗುಂಡಿಗಳ ಡಬ್ಬವನ್ನು ನೆಲಕ್ಕೆ ಸುರಿದಳು. ಗುಂಡಿಗಳು ಉರುಳಿಕೊಂಡು ಹೊಲಿಗೆ ಮೆಷಿನ್ನಿನ ಕೆಳಗೆ ಸೇರಿದವು. ಪಕ್ಕದ ಕೋಣೆಯಲ್ಲಿ ಅಮ್ಮನನ್ನು ಮಲಗಿಸಿದ್ದರು. ಹೊರಗೆ ಶವದ ವ್ಯಾನ್ ಬಂದು ನಿಂತಿತ್ತು. ಇವಳು ನೋಡಿದರೆ ಮದುವೆ ಬಟ್ಟೆಯದೊಂದು ತೋಳು ಹುಡುಕುತ್ತಿದ್ದಳು.

"ಏನೇ ನಿಂದು? ಡ್ರೈವರ್ ಎರಡು ಸಲ ಹಾರ್ನ್ ಹೊಡೆದಾಯ್ತು," ಎಂದು ಚಿಕ್ಕಮ್ಮ ಬಾಗಿಲಲ್ಲಿ ನಿಂತಳು.

"ಆ ಹುಡುಗಿಗೆ ನಾಡಿದ್ದು ಮದುವೆ ಚಿಕ್ಕಮ್ಮ. ಅಮ್ಮ ಹೊಲಿದಿದ್ದ ಬಟ್ಟೆ ಬೇಕು ಅಂತ ಹೊರಗೆ ಬಂದು ಕೂತಿದಾಳೆ. ಎಡತೋಳೇ ಸಿಕ್ತಿಲ್ಲ."

"ನಮ್ಮಕ್ಕ ಅಡಗಿಸಿಟ್ಟಿರ್ತಾಳೆ. ಸತ್ತರೂ ಹಟ ಬಿಡ್ಲಿಲ್ಲ ನೋಡು!" ಚಿಕ್ಕಮ್ಮ ನಗಲು ಹೋಗಿ ಅತ್ತುಬಿಟ್ಟಳು.

ಊರೆಲ್ಲ ಅಮ್ಮನನ್ನು ಕರೆಯುತ್ತಿದ್ದದ್ದೇ ಒಂಟಿತೋಳಮ್ಮ ಎಂದು. ಮದುವೆ ಹುಡುಗಿಯರ ಬಟ್ಟೆ ಪೂರ್ತಿ ಹೊಲಿದು ಎಡತೋಳೊಂದನ್ನು ಕೂರಿಸದೆ ಬಿಡುತ್ತಿದ್ದಳು. ದದ್ದಿನ ಜ್ವರ ತಡೆಯುವ ರುಬೆಲ್ಲಾ ಸೂಜಿ ಹಾಕಿಸಿಕೊಂಡು ಬಂದು ಆಸ್ಪತ್ರೆಯ ಚೀಟಿ ತೋರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೈದವರುಂಟು, ಬಟ್ಟೆ ಕಿತ್ತುಕೊಂಡು ಹೋದವರೂ ಉಂಟು. ಆಕೆ ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

*

ಮಗಳಿಗೆ ಆಗ ಏಳು ವರ್ಷ. ಶಾಲೆಯಿಂದ ಮೈತುಂಬ ಕೆಂಪು ದದ್ದು ಹೊತ್ತು ಬಂದಳು. ಜ್ವರ ಜೋರೇನಿರಲಿಲ್ಲ. ಮೂರು ದಿನವೂ ಅಮ್ಮನ ಹೊಟ್ಟೆಗೆ ಆತುಕೊಂಡೇ ಮಲಗಿದಳು. ಆ ಹೊಟ್ಟೆಯಲ್ಲಿ ಎರಡು ತಿಂಗಳ ತಮ್ಮನಿದ್ದ. ಎರಡು ವಾರ ಕಳೆದು ಅಮ್ಮನ ಕುತ್ತಿಗೆಯ ಮೇಲೂ ದದ್ದು ಎದ್ದು ಮಾಯವಾದವು. ತಮ್ಮ ಹುಟ್ಟಿದ. ಪಕ್ಕದಲ್ಲೇ ಪಾತ್ರೆ ಬಿದ್ದರೂ ಬೆಚ್ಚಲಿಲ್ಲ.

"ಈ ರೋಗಾಣು ತಾಯಿಯಿಂದ ಹೊಟ್ಟೆಯೊಳಗಿನ ಮಗುವಿಗೆ ದಾಟುತ್ತಮ್ಮ. ಮನೇಲಿ ಯಾರಿಗಾದ್ರೂ ದದ್ದು ಬಂದಿತ್ತಾ?" ಎಂದು ಡಾಕ್ಟರು ಕೇಳಿದರು.

ಅಮ್ಮ ಪಕ್ಕದಲ್ಲಿದ್ದ ಮಗಳ ಕೈಯನ್ನು ಅಮುಕಿ ಹಿಡಿದಳು. "ಇಲ್ಲ ಡಾಕ್ಟ್ರೇ. ಬಸ್ಸಲ್ಲಿ ಯಾರಿಂದಲೋ ಅಂಟಿರ್ಬೇಕು."

ಆ ಸುಳ್ಳನ್ನು ಮಗಳು ಮೂವತ್ತು ವರ್ಷ ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಅಮ್ಮ ಮೆಷಿನ್ ತುಳಿದರೆ ಮರದ ನೆಲ ನಡುಗುತ್ತಿತ್ತು. ತಮ್ಮ ಎಲ್ಲಿದ್ದರೂ ಓಡಿಬಂದು ಮೇಜಿನ ಮೇಲೆ ಅಂಗೈ ಇಟ್ಟು ನಗುತ್ತಿದ್ದ. ಅದನ್ನು ನೋಡಿದಾಗಲೆಲ್ಲ ಮಗಳು ಎದ್ದು ಹೊರಗೆ ಹೋಗುತ್ತಿದ್ದಳು.

*

"ಅಕ್ಕಾ, ತೋಳಿಲ್ಲದಿದ್ರೂ ಪರವಾಗಿಲ್ಲ, ಹಾಗೇ ಕೊಡಿ," ಎಂದು ಮದುವೆ ಹುಡುಗಿ ಒಳಗೆ ಬಂದಳು.

"ಸೂಜಿ ಹಾಕಿಸ್ಕೊಂಡ್ಯಾ?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು.

"ಹುಡುಗಾಟಾನಾ ನಿಂಗೆ? ಅಮ್ಮ ಮೂರು ಸಲ ಹೇಳಿದ್ರು. ಅಲ್ಲಿ ಕೂತಿದಾನಲ್ಲ ನನ್ನ ತಮ್ಮ, ನೋಡು ಅವನನ್ನ. ಅಮ್ಮಾ ಅಂತ ಜನ ಕೂಗಿ ಅಳ್ತಿದಾರೆ, ಅವನಿಗೆ ಅದೂ ಕೇಳಲ್ಲ!"

"ಹಾಕಿಸ್ಕೊಳ್ಳೋ ಹಾಗಿಲ್ಲ ಅಕ್ಕ." ಹುಡುಗಿ ಬಾಗಿಲತ್ತ ನೋಡಿ ದನಿ ತಗ್ಗಿಸಿದಳು. "ನಂಗೀಗ ಎರಡು ತಿಂಗಳು. ಬಸುರೀರಿಗೆ ಆ ಸೂಜಿ ಕೊಡಲ್ವಂತೆ. ದಮ್ಮಯ್ಯ, ಯಾರಿಗೂ ಹೇಳ್ಬೇಡಿ."

ಮಗಳು ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡು ಸ್ಟೂಲಿನ ಮೇಲೆ ಕೂತಳು. ಎರಡು ತಿಂಗಳು ಅಂದರೆ ಸೊಂಟ ಬಿಗಿಯಾದೀತು ಎಂದು ಕೈ ತಾನಾಗಿಯೇ ಅದರ ಒಳಮೈಯನ್ನು ಹೊರಗೆ ತಿರುಗಿಸಿತು. ಅಮ್ಮ ಹೇಗೋ ಊಹಿಸಿ ಸೊಂಟದಲ್ಲಿ ಆಗಲೇ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟಿದ್ದಳು. ಅಲ್ಲೇ, ಪಿನ್ನು ಚುಚ್ಚಿ ಮಡಿಸಿಟ್ಟ ಎಡತೋಳು. ಜೊತೆಗೆ ಅಮ್ಮನ ಸೊಟ್ಟ ಅಕ್ಷರದ ಚೀಟಿ: "ಇವಳಿಗೆ ಸೂಜಿ ಬೇಡ. ರಕ್ತ ಪರೀಕ್ಷೆ ಮಾಡಿಸಬೇಕು. ನಾನಿಲ್ಲದಾಗ ಒಬ್ಬಳೇ ಬಂದರೆ ನೀನು ಹೇಳು ಮಗಳೇ."

ಹೊರಗೆ ಮತ್ತೆ ಹಾರ್ನ್ ಆಯಿತು.

"ಕೇಳಿಲ್ಲಿ," ಎಂದಳು ಮಗಳು. "ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ರಕ್ತ ಕೊಡು, ನಾನೂ ಬರ್ತೀನಿ. ನಿಂಗೆ ರೋಗ ತಡೆಯೋ ಶಕ್ತಿ ಮೊದಲೇ ಇದ್ರೆ ಸರಿ. ಇಲ್ಲಾಂದ್ರೆ ದದ್ದು ಎದ್ದ ಮಕ್ಕಳನ್ನ ಹತ್ತಿರಾನೂ ಸೇರಿಸ್ಬೇಡ. ಎಷ್ಟೇ ಮುದ್ದಾಗಿರ್ಲಿ, ಮಡಿಲಿಗೆ ಹಾಕ್ಕೋಬೇಡ. ನಮ್ಮಮ್ಮ ಹಾಕ್ಕೊಂಡಿದ್ರು. ಅವತ್ತು ಮಡಿಲಲ್ಲಿದ್ದವಳು ನಾನೇ."

ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದಳು. ಹುಡುಗಿ ಅವಳ ಕೈ ಹಿಡಿದುಕೊಂಡಳು. ಮಗಳು ಕೈ ಬಿಡಿಸಿಕೊಂಡು, ದಾರ ಪೋಣಿಸಿ, ಮೆಷಿನ್ ತುಳಿದಳು.

ನೆಲ ನಡುಗಿತು. ಪಕ್ಕದ ಕೋಣೆಯಲ್ಲಿ ಏನೋ ಉರುಳಿತು. ಅಮ್ಮನ ಬಳಿ ಕೂತಿದ್ದ ತಮ್ಮ ಜನರನ್ನು ತಳ್ಳಿಕೊಂಡು ಓಡಿಬಂದ. ಅವನ ಮುಖ ಅರಳಿತ್ತು.

ಮೆಷಿನ್ನಿನ ಮುಂದೆ ಅಮ್ಮನಿರಲಿಲ್ಲ, ಅಕ್ಕ ಕೂತಿದ್ದಳು.

ಅವಳ ಕಾಲು ನಿಂತಿತು. ತಮ್ಮ ಅವಳನ್ನೂ ಮೆಷಿನ್ನನ್ನೂ ನೋಡಿದ. ಆಮೇಲೆ ಹತ್ತಿರ ಬಂದು ಮೇಜಿನ ಮೇಲೆ ಅಂಗೈ ಇಟ್ಟು, ಇನ್ನೊಂದು ಕೈಯಲ್ಲಿ ತುಳಿ ಎಂದು ಸನ್ನೆ ಮಾಡಿದ.

ಅವಳು ಮತ್ತೆ ತುಳಿದಳು, ಎಡತೋಳು ಕೂತಾಯಿತು. ಹಾರ್ನ್ ಬಿಡದೆ ಬಡಿದುಕೊಳ್ಳುತ್ತಿತ್ತು. ತಮ್ಮನ ಅಂಗೈ ಇನ್ನೂ ಮೇಜಿನ ಮೇಲಿತ್ತು, ಅವಳು ಒಂದು ಚೂರು ಬಟ್ಟೆಯನ್ನು ಸೂಜಿಯ ಕೆಳಗೆ ಸಿಕ್ಕಿಸಿ ತುಳಿಯುತ್ತಲೇ ಇದ್ದಳು.