ಚಿಕ್ಕಮ್ಮ ತೊಳೆದಿಟ್ಟ ಟಿಪ್‌ಗಳು

ಡಿಎನ್‌ಎ ಓದುವ ಯಂತ್ರಕ್ಕೆ ಒಂದು ಮನೆಯ ಬೆಲೆ. ಅದಕ್ಕೆ ಹಾಕುವ ರಾಸಾಯನಿಕದ ಒಂದು ಕಿಟ್‌ಗೆ ಒಂದು ಸ್ಕೂಟರಿನ ಬೆಲೆ. ಹನಿಯನ್ನು ಎತ್ತಿ ಹಾಕುವ ಪ್ಲಾಸ್ಟಿಕ್ ಟಿಪ್‌ಗೆ ಮಾತ್ರ ಅಂಗಿಯ ಗುಂಡಿಯಷ್ಟೇ. ಆದರೆ ಒಂದು ಹನಿಗೆ ಬಳಸಿ ಎಸೆಯಬೇಕು. ಚಿಕ್ಕಮ್ಮನ ಹೊಟ್ಟೆ ಉರಿಯುತ್ತಿದ್ದದ್ದು ಈ ಗುಂಡಿಯ ಬೆಲೆಗೇ.

ಡಿಎನ್‌ಎ ಓದಿ ಕಾಯಿಲೆ ಪತ್ತೆಮಾಡುವ ಈ ಕಂಪನಿ ಪುಟ್ಟಿಯದು. ನಲವತ್ತರ ಹತ್ತಿರದವಳು, ಹನ್ನೆರಡು ವರ್ಷ ದೊಡ್ಡ ಸಂಶೋಧನಾ ಸಂಸ್ಥೆಯಲ್ಲಿ ವಂಶದ ಕಾಯಿಲೆಗಳ ಜಾಡು ಹಿಡಿದವಳು, ಈಗ ಐದು ಜನಕ್ಕೆ ಸಂಬಳ ಕೊಡುವವಳು. ಸಾಕಿದ ಚಿಕ್ಕಮ್ಮನಿಗೆ ಮಾತ್ರ ಇನ್ನೂ ಪುಟ್ಟಿಯೇ. ಹಿಂದೆ ಮುದ್ರಣಾಲಯವಾಗಿದ್ದ ಮಹಡಿಯಲ್ಲಿ ಲ್ಯಾಬು. ಎಷ್ಟು ಒರೆಸಿದರೂ ಕಿಟಕಿಯ ಚೌಕಟ್ಟಿನಲ್ಲಿ ಮಸಿ ಉಳಿದಿತ್ತು. ಸ್ಟೋರಿನ ಬೀಗದ ಕೈ ಚಿಕ್ಕಮ್ಮನ ಬಳಿ. ಇನ್ನೊಂದು ಕೆಲಸವೂ ಅವಳದಿತ್ತು. ಯಂತ್ರ ಸರಿಯಾಗಿ ಓದುತ್ತಿದೆಯೇ ಎಂದು ನೋಡಲು ಪ್ರತಿ ಸಲವೂ ಮೊದಲೇ ಓದಿ ಗೊತ್ತಿರುವ ಒಬ್ಬರ ಡಿಎನ್‌ಎಯನ್ನು ಜೊತೆಗಿಡಬೇಕು. ಮೊದಲ ದಿನದಿಂದಲೂ ಅದು ಚಿಕ್ಕಮ್ಮನದೇ.

ಒಂದು ಮಕ್ಕಳ ಆಸ್ಪತ್ರೆ ಕಂಪನಿಯನ್ನು ಪರೀಕ್ಷಿಸಲು ಇಪ್ಪತ್ತು ಮಕ್ಕಳ ರಕ್ತದ ಮಾದರಿ ಕಳಿಸಿತು. ಉತ್ತರಗಳು ಅವರ ಬಳಿ ಮೊದಲೇ ಇದ್ದವು. ಎಲ್ಲವೂ ತಾಳೆಯಾದರೆ ವರ್ಷವಿಡೀ ಕೆಲಸ. ವಾಯಿದೆಗೆ ಎರಡು ದಿನ ಇರುವಾಗ ಪುಟ್ಟಿ ಪರದೆಯಲ್ಲಿ ಫಲಿತಾಂಶ ತೆರೆದಳು. ಆರು ಮಾದರಿಗಳಲ್ಲಿ ಬೇರೊಬ್ಬರ ಡಿಎನ್‌ಎ ಬೆರೆತಿತ್ತು. ಯಾರದೆಂದು ಹುಡುಕಬೇಕಾಗಲಿಲ್ಲ. ನಾಲ್ಕು ವರ್ಷದಿಂದ ನಿತ್ಯ ನೋಡಿದ್ದೇ ಅದು.

ಕೇಳಿದಾಗ ಚಿಕ್ಕಮ್ಮ ಹೆಮ್ಮೆಯಿಂದಲೇ ಸ್ಟೋರಿನ ಬಾಗಿಲು ತೆರೆದಳು. ಬಳಸಿದ ಟಿಪ್‌ಗಳನ್ನು ತೊಳೆದು, ಬಟ್ಟೆಯ ಮೇಲೆ ಒಣಗಿಸಿ, ಹಳೆಯ ಡಬ್ಬಿಗಳಲ್ಲಿ ಸಾಲಾಗಿ ಜೋಡಿಸಿಟ್ಟಿದ್ದಳು. ಪುಣ್ಯಕ್ಕೆ ಆ ಡಬ್ಬಿಗಳನ್ನು ಹೊಸದರ ಜೊತೆ ಸೇರಿಸಿ ಲ್ಯಾಬಿಗೆ ಕೊಟ್ಟದ್ದು ಅದೇ ವಾರ ಮೊದಲು, ಹಿಂದಿನ ವರದಿಗಳು ಕೆಟ್ಟಿರಲಿಲ್ಲ.

"ಬೇರೆಯವರದ್ದು ಮುಟ್ಟಿಲ್ಲ ಕಣೆ. ನನ್ನ ಹನಿಗೆ ಬಳಸಿದ್ದನ್ನ ಮಾತ್ರ ತೆಗೆದಿಟ್ಟೆ. ನನ್ನದು ನನಗೇನು ಅಸಹ್ಯ? ಮೂರು ಸಲ ಕುದಿಸಿದ್ದೀನಿ. ನಿನ್ನ ಹಾಲಿನ ಬಾಟಲಿನೂ ಇಷ್ಟು ತೊಳೆದಿರಲಿಲ್ಲ."

"ಕೊಳೆ ಹೋಗುತ್ತೆ ಚಿಕ್ಕಮ್ಮ, ನೀನು ಹೋಗಲ್ಲ" ಎಂದಳು ಪುಟ್ಟಿ.

ವಿಷಯ ಅರ್ಥವಾದಾಗ ಚಿಕ್ಕಮ್ಮ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. ಪುಟ್ಟಿ ಅದನ್ನು ಅವಳ ಕಡೆಗೇ ತಳ್ಳಿದಳು. ಆ ಆರನ್ನು ಮೊದಲಿನಿಂದ ಮತ್ತೆ ಓದಿಸಲು ಎರಡು ದಿನ ಸಾಲುತ್ತಿರಲಿಲ್ಲ. ಬೆರಕೆಯನ್ನು ಕಂಪ್ಯೂಟರಿನಲ್ಲೇ ಕಳೆದುಬಿಟ್ಟರೆ ಯಾರಿಗೂ ತಿಳಿಯದು ಎಂದ ಲ್ಯಾಬಿನ ತಂತ್ರಜ್ಞನನ್ನು, ನಾಳೆ ನಿನ್ನ ಮಗುವಿನ ವರದಿಯಲ್ಲೂ ಹೀಗೇ ಕಳೆಯೋಣವೇ ಎಂದು ಕೇಳಿ ಬಾಯಿ ಮುಚ್ಚಿಸಿದಳು.

ಮರುದಿನ ಚಿಕ್ಕಮ್ಮ ತಾನೂ ಬರುತ್ತೇನೆಂದು ಹಟ ಹಿಡಿದು ಆಸ್ಪತ್ರೆಗೆ ಹೊರಟಳು. ಪುಟ್ಟಿ ಹದಿನಾಲ್ಕರ ಉತ್ತರ ಕೊಟ್ಟು, ಆರು ನಮ್ಮ ಕೈಯಲ್ಲೇ ಕೆಟ್ಟವು ಎಂದಳು. ಹಿರಿಯ ವೈದ್ಯೆ ಹೇಗೆಂದು ಕೇಳುವಷ್ಟರಲ್ಲಿ ಚಿಕ್ಕಮ್ಮ ಬಾಯಿ ಹಾಕಿದಳು.

"ಆ ಆರರಲ್ಲಿ ಸೇರಿಕೊಂಡಿರೋದು ನಾನೇ ಡಾಕ್ಟ್ರೇ. ಹುಡುಗೀದೇನೂ ತಪ್ಪಿಲ್ಲ."

ವೈದ್ಯೆ ನಗು ತಡೆದುಕೊಂಡರು. ಆದರೆ ನಿಯಮ ನಿಯಮವೇ. ಕೆಲಸ ಬೇರೆಯವರಿಗೆ ಹೋಯಿತು. ಮುಂದಿನ ವರ್ಷ ಮತ್ತೆ ಮಾದರಿ ಕಳಿಸುತ್ತೇವೆ ಎಂದು ಮಾತ್ರ ಹೇಳಿದರು.

ಈಗ ಎಸೆದ ಟಿಪ್‌ಗಳ ಬುಟ್ಟಿಗೆ ಒಂದೂ ಮತ್ತೆ ಹೊರಬರದಂತೆ ಚಿಕ್ಕಮ್ಮನೇ ಕಾವಲು. ಅವಳು ತೊಳೆದು ಉಳಿಸಿದ್ದು ಒಂದು ಜೊತೆ ಚಪ್ಪಲಿಯ ಬೆಲೆ. ಹೋದದ್ದು ಆಸ್ಪತ್ರೆಯ ಒಂದು ವರ್ಷದ ಕೆಲಸ.