ಸಬ್‌ಟೈಟಲ್ ಬರುವ ಪೆಟ್ಟಿಗೆ

ಒಳಕೋಣೆಯ ಕಂಪ್ಯೂಟರಿನಿಂದ ಹಾಲಿನ ಟೀವಿಯವರೆಗೆ ಎಳೆದಿದ್ದ ಕರಿ ಕೇಬಲ್ಲಿಗೆ ಅತ್ತೆ ಎಡವಿ ಬಿದ್ದ ಮೇಲೆ ಅಳಿಯನಿಗೆ ಬೇರೆ ದಾರಿ ಉಳಿಯಲಿಲ್ಲ. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ, ಮೊಣಕೈ ತರಚಿತ್ತು ಅಷ್ಟೆ. ಆದರೂ ಅತ್ತೆ ಕೈಗೆ ದಪ್ಪನೆ ಬ್ಯಾಂಡೇಜು ಸುತ್ತಿಕೊಂಡು, ಮನೆಗೆ ಬಂದವರಿಗೆಲ್ಲ ತೋರಿಸಿ, "ಅಳಿಯಂದ್ರ ಸಿನಿಮಾದ ಗುರುತು" ಎಂದು ಹೇಳತೊಡಗಿದ್ದರು.

ಅವನು ಲಿಫ್ಟ್ ರಿಪೇರಿ ಮಾಡುವವನು. ಯಾವ ಯಂತ್ರವನ್ನೇ ಆಗಲಿ ಹಿಂದು ಮುಂದು ನೋಡದೆ ತರುವವನಲ್ಲ. ವಾರವಿಡೀ ಓದಿ, ಬೇರೆಯವರ ತಲೆ ತಿಂದು, ಒಂದು ಪೆಟ್ಟಿಗೆಯನ್ನು ಮನಸ್ಸಿನಲ್ಲೇ ಆರಿಸಿಟ್ಟಿದ್ದ. ಕಂಪ್ಯೂಟರಿನಲ್ಲಿರುವ ಸಿನಿಮಾಗಳನ್ನೆಲ್ಲ ಅದು ವೈಫೈಯಲ್ಲೇ ಎಳೆದುಕೊಂಡು ಟೀವಿಗೆ ಕೊಡುತ್ತದೆ, ದೊಡ್ಡ ಸ್ಪೀಕರುಗಳಿಗೂ ಜೋಡಿಸಬಹುದು. ಭಾನುವಾರ ಬೆಳಿಗ್ಗೆ ಅಂಗಡಿಗೆ ಹೊರಟಾಗ ಹೆಂಡತಿ ತಾನೂ ಬರುತ್ತೇನೆಂದಳು. ಅವನಿಗೆ ಆಶ್ಚರ್ಯವಾಯಿತು. ಇಂಥ ಸಾಮಾನಿನ ವಿಷಯದಲ್ಲಿ ಅವಳದ್ದು ಯಾವಾಗಲೂ "ನಿಮಗೆ ತೋಚಿದ್ದು ತಗೊಳ್ಳಿ" ಎಂಬ ಒಂದೇ ಮಾತು.

ಅಂಗಡಿಯ ಹುಡುಗಿ ಮೂರು ಬಗೆಯವನ್ನು ತಂದು ಗಾಜಿನ ಮೇಲೆ ಇಟ್ಟಳು. ಬೆರಳುದ್ದದ ಒಂದು ಕಡ್ಡಿ, ಅವನು ಆರಿಸಿದ್ದ ಪೆಟ್ಟಿಗೆ, ಇನ್ನೊಂದು ಬೂದುಬಣ್ಣದ್ದು. ಅವನು ಸ್ಪೀಕರಿನ ಬಗ್ಗೆ ಬಾಯಿ ತೆರೆಯುವ ಮೊದಲೇ ಹೆಂಡತಿ ಕೇಳಿದಳು:

"ಇದರಲ್ಲಿ ಸಬ್‌ಟೈಟಲ್ ಸರಿಯಾಗಿ ಬರತ್ತಾ? ಅಕ್ಷರ ದೊಡ್ಡದು ಮಾಡ್ಕೊಬಹುದಾ?"

"ಬೂದು ಬಣ್ಣದ್ದರಲ್ಲಿ ಚೆನ್ನಾಗಿ ಬರತ್ತೆ ಮೇಡಂ. ರಿಮೋಟಿಗೇ ಇಯರ್‌ಫೋನ್ ಚುಚ್ಕೊಬಹುದು. ಆದರೆ ಸರ್ ಹೇಳೋ ಸ್ಪೀಕರ್ ಇದಕ್ಕೆ ಆಗಲ್ಲ."

"ಹಾಗಾದ್ರೆ ಬೂದು ಬಣ್ಣದ್ದೇ ಇರಲಿ."

"ಏನಂತ ಇರಲಿ?" ಅವನು ನಕ್ಕ. "ನಾವು ನೋಡೋದು ನಮ್ಮ ಭಾಷೆ ಸಿನಿಮಾ. ಅದಕ್ಕೆ ಸಬ್‌ಟೈಟಲ್ ಬೇರೆ ಕೇಡು."

"ಅಮ್ಮನಿಗೆ ಅನುಕೂಲ ಆಗತ್ತೆ."

"ನಿಮ್ಮಮ್ಮ ಕನ್ನಡಕ ಹಾಕಿದ್ರೂ ಹೆಡ್‌ಲೈನ್ ಬಿಟ್ಟು ಬೇರೇನೂ ಓದಲ್ಲ. ಕಿವಿ ಮಾತ್ರ ಪಕ್ಕದ ಮನೆ ಕುಕ್ಕರ್ ಸೀಟಿ ಎಣಿಸೋವಷ್ಟು ಚುರುಕು."

ಅವಳು ನಗಲಿಲ್ಲ. ಬೂದು ಪೆಟ್ಟಿಗೆಯ ಮೇಲಿಟ್ಟ ಕೈ ತೆಗೆಯಲೂ ಇಲ್ಲ. ಹುಡುಗಿ ಬೆನ್ನು ತಿರುಗಿಸಿ, ಕಪಾಟಿನಲ್ಲಿ ಹೊಸ ಡಬ್ಬ ಹುಡುಕುತ್ತ, "ಮನೇಲಿ ಚಿಕ್ಕ ಮಕ್ಕಳಿದ್ದಾರಾ ಮೇಡಂ?" ಎಂದು ಕೇಳಿದಳು.

"ಹೂಂ, ಹೌದು" ಎಂದಳು ಹೆಂಡತಿ, ಮುಗುಳ್ನಗುತ್ತ.

ಅವರಿಗೆ ಮಕ್ಕಳಿರಲಿಲ್ಲ.

"ಹಾಗಿದ್ರೆ ಮಕ್ಕಳ ಲಾಕ್ ಹಾಕಿ ಕೊಡ್ತೀನಿ. ಎಷ್ಟು ವಯಸ್ಸು?" ಹುಡುಗಿ ಈಗ ಎದುರಿಗೆ ತಿರುಗಿದ್ದಳು.

"ಯಾರಿಗೆ?" ಎಂದಳು ಹೆಂಡತಿ. ಕ್ಷಣಾರ್ಧದಲ್ಲಿ ಅವಳ ಮುಖ ಕೆಂಪಾಯಿತು. ಕಣ್ಣುಗಳು ಹುಡುಗಿಯ ತುಟಿಗಳ ಮೇಲೆಯೇ ನೆಟ್ಟಿದ್ದವು.

"ನಮ್ಮಣ್ಣನ ಮಕ್ಕಳು ಬರ್ತಾ ಇರ್ತಾರೆ, ಅವರನ್ನ ಹೇಳಿದ್ಲು" ಎಂದು ಅವನು ನಡುವೆ ಬಾಯಿ ಹಾಕಿದ. "ಬೂದು ಬಣ್ಣದ್ದೇ ಕೊಡಿ."

ಪೆಟ್ಟಿಗೆ ತೆಗೆದುಕೊಂಡು ಇಬ್ಬರೂ ಮನೆಯ ದಾರಿ ಹಿಡಿದರು. ಅವಳು ಅವನ ಎಡಬದಿಗೆ ಬಂದು ನಡೆಯುತ್ತಿದ್ದಳು. ಕೆಲವು ತಿಂಗಳಿಂದ ಅವಳು ಹೀಗೇ ಬದಿ ಬದಲಿಸುತ್ತಿದ್ದಾಳೆಂದು ಅವನಿಗೆ ಈಗ ಹೊಳೆಯಿತು. ಹಾಗೆ ಹೊಳೆದದ್ದೇ ತಡ, ಒಂದರ ಹಿಂದೊಂದು ನೆನಪಾಗತೊಡಗಿದವು. ಫೋನನ್ನು ಬಲಗಿವಿಗೇ ಒತ್ತಿಕೊಳ್ಳುವುದು. "ಬಾಯಲ್ಲಿ ಏನಿಟ್ಕೊಂಡು ಮಾತಾಡ್ತೀರಿ" ಎಂದು ಅವನ ಮೇಲೆ ರೇಗುವುದು. ಒಲೆಯ ಮುಂದೆ ನಿಂತಾಗ ಕರೆದರೆ ತಿರುಗದಿರುವುದು. ಅದನ್ನೆಲ್ಲ ಅವನು ಸಿಟ್ಟು ಎಂದುಕೊಂಡಿದ್ದ. ತನ್ನ ಮೇಲೆ ಏನೋ ಮುನಿಸಿರಬೇಕೆಂದು ಒಳಗೊಳಗೇ ಕೊರಗಿದ್ದ ಕೂಡ.

ಮನೆ ಹತ್ತಿರವಾದಂತೆ ಅವನಿಗೆ ಅವಳ ಕೆಲಸ ನೆನಪಾಯಿತು. ಅವಳು ಕೆಲಸ ಮಾಡುತ್ತಿದ್ದುದು ಆಂಬ್ಯುಲೆನ್ಸ್ ಕಂಟ್ರೋಲ್ ರೂಮಿನಲ್ಲಿ. ಜನ ಉಸಿರು ಕಟ್ಟಿಕೊಂಡು ಮಾಡುವ ಫೋನು ಎತ್ತಿ, ಏನಾಯಿತು, ಎಲ್ಲಿ ಎಂದು ಕೇಳಿಸಿಕೊಂಡು, ಗಾಡಿ ಕಳಿಸುವ ಕೆಲಸ. ಆ ದಿನ ಮಧ್ಯಾಹ್ನವೇ ಅವಳ ಪಾಳಿ ಇತ್ತು.

ಪೆಟ್ಟಿಗೆ ಜೋಡಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಂಪ್ಯೂಟರಿನ ಸಿನಿಮಾಗಳ ಪಟಗಳೆಲ್ಲ ಟೀವಿಯಲ್ಲಿ ಸಾಲಾಗಿ ಮೂಡಿದವು. ಅವಳೇ ಒಂದು ಹಾಸ್ಯದ ಚಿತ್ರ ಆರಿಸಿ ಸಬ್‌ಟೈಟಲ್ ಹಾಕಿದಳು. ಅತ್ತೆ ಕುರ್ಚಿಯಲ್ಲಿ ಕಾಲು ಮಡಚಿ ಕೂತರು. ಅವನು ಹಿಂದಿನ ಸೋಫಾದಲ್ಲಿ ರಿಮೋಟು ಹಿಡಿದು ಕೂತ.

ಮಾಡಬಾರದು ಎನ್ನಿಸುತ್ತಲೇ ಇತ್ತು. ಆದರೂ ಹೆಬ್ಬೆರಳು ತನ್ನಷ್ಟಕ್ಕೆ ಗುಂಡಿ ಒತ್ತಿತು. ಸದ್ದು ಸ್ವಲ್ಪ ಇಳಿಯಿತು. ಅವಳು ತಿರುಗಲಿಲ್ಲ. ಇನ್ನೂ ಇಳಿಸಿದ. ಪರದೆಯ ಮೇಲೆ ಮಾವನ ಪಾತ್ರದವನು ಏನೋ ಅಂದ, ಕೆಳಗೆ ಅಕ್ಷರ ಬಂತು, ಅವಳು ಕಿಲಕಿಲನೆ ನಕ್ಕಳು. ಅವನಿಗೇ ಮಾತು ಕೇಳಿಸದಷ್ಟು ಸದ್ದು ಕುಗ್ಗಿದಾಗಲೂ ಅವಳು ಸರಿಯಾದ ಜಾಗದಲ್ಲಿ ನಗುತ್ತಿದ್ದಳು.

"ಏನ್ರೀ ಅಳಿಯಂದ್ರೇ, ಮೂಕಿ ಸಿನಿಮಾ ಹಾಕಿದ್ದೀರಾ?" ಅತ್ತೆ ಗಟ್ಟಿಯಾಗಿ ಕೂಗಿದರು. "ಒಂದಕ್ಷರ ಕೇಳಿಸ್ತಾ ಇಲ್ಲ!"

ಹೆಂಡತಿ ತಿರುಗಿದಳು. ಅವನ ಮುಖ ನೋಡಿದಳು, ಕೈಯಲ್ಲಿದ್ದ ರಿಮೋಟು ನೋಡಿದಳು. ನಗು ಅಲ್ಲೇ ಆರಿಹೋಯಿತು.

"ಪರೀಕ್ಷೆ ಮಾಡ್ತಾ ಇದ್ರಾ ನನ್ನ?"

ಅವನು ರಿಮೋಟನ್ನು ಸೋಫಾದ ಮೇಲಿಟ್ಟ.

"ಹೇಳಿ! ಪರೀಕ್ಷೆ ಮಾಡ್ತಾ ಇದ್ರಾ?"

"ಎಷ್ಟು ದಿನದಿಂದ ಹೀಗಿದೆ?" ಎಂದ ಅವನು.

ಅವಳು ಎದ್ದು ಕೋಣೆಗೆ ಹೋದಳು. ಬೀರು ತೆಗೆದು ಕೆಲಸದ ಅಂಗಿ ಎಳೆದುಕೊಂಡಳು. ಅವನು ಬಾಗಿಲಿಗೆ ಬಂದು, ಅವಳಿಗೆ ತುಟಿ ಕಾಣುವಂತೆ ಬೆಳಕಿಗೆ ಮುಖ ಕೊಟ್ಟು ನಿಂತ.

"ಇವತ್ತು ಹೋಗ್ಬೇಡ."

"ದಾರಿ ಬಿಡಿ."

"ಕೆಲಸದಲ್ಲಿ ಏನಾದರೂ ತಪ್ಪಾಗಿದೆಯಾ? ಅದೊಂದು ಹೇಳು."

ಅವಳ ಕೈ ಗುಂಡಿಯ ಮೇಲೆ ನಿಂತಿತು. "ಹೋದ ವಾರ ಒಬ್ಬಳು ಹದಿಮೂರನೇ ಅಡ್ಡರಸ್ತೆ ಅಂದ್ಲು. ನಾನು ಹದಿನಾರು ಅಂತ ಗಾಡಿ ಕಳಿಸಿದೆ. ಪಕ್ಕದವಳು ಕಲಿಯೋಕೆ ಅಂತ ಅದೇ ಕರೆ ಕೇಳಿಸ್ಕೊತಿದ್ಲು, ಗಾಡಿ ತಿರುಗಿಸಿದ್ಲು. ಏನೂ ಆಗ್ಲಿಲ್ಲ."

"ಪಕ್ಕದವಳು ಇಲ್ಲದೇ ಹೋಗಿದ್ರೆ?"

"ಹೆಡ್‌ಫೋನ್ ಸದ್ದು ಪೂರ್ತಿ ಏರಿಸಿದೀನಿ. ಎರಡೆರಡು ಸಲ ಕೇಳ್ತೀನಿ."

"ಎರಡನೇ ಸಲ ಹೇಳೋಕೆ ಅವರಿಗೆ ಉಸಿರಿರಬೇಕಲ್ವಾ?"

ಆಡಿದ ಮೇಲೆ ಅವನಿಗೇ ಬಾಯಿ ಕಹಿಯಾಯಿತು. ಅವಳು ಹೊಡೆಸಿಕೊಂಡವಳಂತೆ ಹಿಂದೆ ಸರಿದು ಮಂಚದ ಅಂಚಿಗೆ ಕುಸಿದಳು.

"ನನಗೆ ಗೊತ್ತಿಲ್ಲ ಅಂದ್ಕೊಂಡಿದೀರಾ?" ಎಂದಳು. "ಪ್ರತಿ ಸಲ ಫೋನ್ ಎತ್ತುವಾಗ್ಲೂ ಇದನ್ನೇ ಯೋಚಿಸ್ತೀನಿ. ಆ ಕುರ್ಚಿ ಬಿಟ್ರೆ ನನಗೆ ಬೇರೇನು ಬರತ್ತೆ? ಹತ್ತು ಜನ ಒಟ್ಟಿಗೆ ಕಿರುಚಿದ್ರೂ ನಾನು ಗಲಿಬಿಲಿ ಆಗಲ್ಲ, ಹೊಸಬರನ್ನ ನನ್ನ ಪಕ್ಕ ಕೂರಿಸ್ತಾರೆ ಕಲೀಲಿ ಅಂತ. ನಾಳೆ ಅವರಿಗೆ ಏನಂತ ಹೇಳ್ಲಿ, ಕಿವುಡಿ ಅಂತಾನಾ?"

ಬಾಗಿಲಲ್ಲಿ ಅತ್ತೆ ಬಂದು ನಿಂತಿದ್ದರು. ಮಗಳಿಗೆ ಕೇಳುವಷ್ಟು ಏರಿದ ದನಿಯಲ್ಲಿ, "ನಾನ್ಯಾಕೆ ಗಂಟಲು ಹರ್ಕೊಂಡು ಮಾತಾಡ್ತೀನಿ ಅಂದ್ಕೊಂಡೆ? ನನಗೇನು ವಯಸ್ಸಾಗಿ ತಲೆ ಕೆಟ್ಟಿದೆಯಾ?" ಎಂದರು.

"ನಿನಗೆ ಗೊತ್ತಿತ್ತಾ?"

"ನೀನಾಗೇ ಹೇಳ್ತೀಯ ಅಂತ ಸುಮ್ಮನಿದ್ದೆ. ಅದು ನನ್ನ ತಪ್ಪು. ಈಗ ಹೇಳ್ತೀನಿ ಕೇಳು. ಅಲ್ಲಿಗೆ ಹೋಗು, ಆದರೆ ಫೋನ್ ಮುಟ್ಬೇಡ. ಮೊದಲು ನಿನ್ನ ಮೇಲಿನವರಿಗೆ ಹೇಳು."

ಅವಳು ಎದ್ದು ಅಂಗಿಯ ಉಳಿದ ಗುಂಡಿಗಳನ್ನು ಹಾಕಿಕೊಂಡಳು. ಅವನು ಬೈಕಿನ ಕೀಲಿ ಹಿಡಿದು ಹಿಂದೆ ಬಂದರೆ ಬೇಡವೆನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ.

ಕಂಟ್ರೋಲ್ ರೂಮಿನ ಹೊರಗೆ, ಗಾಜಿನ ಗೋಡೆಯ ಈಚೆ ಅವನನ್ನು ನಿಲ್ಲಿಸಿದರು. ಒಳಗೆ ಸಾಲು ಮೇಜುಗಳು, ದೀಪ ಮಿಣುಕುವ ಫೋನುಗಳು. ಅವಳ ಕುರ್ಚಿ ಖಾಲಿ ಇತ್ತು. ಅವಳು ಅದರ ಪಕ್ಕದಲ್ಲೇ ಹಾದು ಮೇಲ್ವಿಚಾರಕಿಯ ಮೇಜಿಗೆ ಹೋದಳು. ಅಷ್ಟರಲ್ಲಿ ಆ ಖಾಲಿ ಕುರ್ಚಿಯ ಮುಂದಿನ ದೀಪ ಕೆಂಪಗೆ ಹೊತ್ತಿತು. ಅವಳು ನಿಂತಳು. ಅವಳ ಕೈ ಆ ಕಡೆ ಚಾಚಿದ್ದು ಅವನಿಗೆ ಕಂಡಿತು. ಅವಳು ಕೈ ಹಿಂತೆಗೆದುಕೊಂಡು, ಆಚೆ ಮೇಜಿನವಳ ಭುಜ ತಟ್ಟಿ ದೀಪ ತೋರಿಸಿದಳು. ಆ ಮೇಜಿನವಳು ಕರೆ ಎತ್ತಿಕೊಂಡಳು.

ಮೇಲ್ವಿಚಾರಕಿ ಎದ್ದು ನಿಂತು ಬೈಯುವುದು ಗಾಜಿನಾಚೆ ಕಾಣಿಸಿತು. ಕೈ ಬೀಸಿದರು, ಮೇಜು ಕುಟ್ಟಿದರು. ಹೆಂಡತಿ ತಲೆ ತಗ್ಗಿಸದೆ, ಅವರ ಬಾಯನ್ನೇ ನೋಡುತ್ತ ನಿಂತಿದ್ದಳು. ಕೊನೆಗೆ ಅವರು ಕೂತರು, ಅವಳಿಗೂ ಕುರ್ಚಿ ಎಳೆದುಕೊಟ್ಟರು.

ಹೊರಬಂದಾಗ ಅವಳ ಕಣ್ಣು ಒದ್ದೆಯಾಗಿತ್ತು. "ಫೋನ್ ಕೆಲಸದಿಂದ ತೆಗೆದ್ರು. ನಾಳೆ ಕಿವಿ ತೋರಿಸ್ಬೇಕಂತೆ. ಆಮೇಲೆ ನೋಡೋಣ ಅಂದ್ರು."

"ಬೈದ್ರಾ?"

"ಬೈದ್ರು. ಅವತ್ತೇ ಯಾಕೆ ಹೇಳ್ಲಿಲ್ಲ ಅಂತ."

ಮರುದಿನ ಕಿವಿ ನೋಡಿ, ಬಲಗಿವಿಗೆ ಯಂತ್ರ ಹಾಕಿದರೆ ಸಾಕಷ್ಟು ಕೇಳುತ್ತದೆ, ಎಡಗಿವಿ ಇನ್ನು ಅಷ್ಟಕ್ಕಷ್ಟೇ ಎಂದರು ವೈದ್ಯರು. ಅವಳನ್ನು ಹೊಸಬರಿಗೆ ಕಲಿಸುವ ಕೆಲಸಕ್ಕೆ ಹಾಕಿದರು. ಫೋನಿನ ಮುಂದೆ ಮತ್ತೆ ಕೂರಿಸುವ ಮಾತನ್ನು ಯಾರೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಮೊದಮೊದಲು ಮನೆಗೆ ಬಂದು ಯಾರೊಂದಿಗೂ ಮಾತಾಡದೆ ಮಲಗಿಬಿಡುತ್ತಿದ್ದಳು. ಗಂಡನ ಜೊತೆಗಂತೂ ಎಷ್ಟು ಬೇಕೋ ಅಷ್ಟೇ ಮಾತು. ಅವನು ತಡೆಯಲಾರದೆ ಒಂದು ಸಂಜೆ ಎದುರಿಗೆ ಹೋಗಿ ಕೂತ.

"ಫೋನ್ ಕೆಲಸ ಹೋಯ್ತು ಅಂತ ನನ್ನ ಮೇಲೆ ಸಿಟ್ಟಾ?"

"ಅಲ್ಲ" ಎಂದಳು. "ಹಿಂದೆ ಕೂತು ಸದ್ದು ಇಳಿಸಿದ್ರಲ್ಲ, ಅದಕ್ಕೆ."

"ತಪ್ಪಾಯ್ತು."

"ಅನುಮಾನ ಬಂದ್ರೆ ಹೀಗೆ ಮುಂದೆ ಬಂದು ಕೇಳ್ಬೇಕಿತ್ತು."

"ಕೇಳಿದ್ರೆ ಹೇಳ್ತಿದ್ಯಾ?"

"ಇಲ್ಲ" ಎಂದಳು. "ಆದರೂ ಕೇಳ್ಬೇಕಿತ್ತು."