ವಸುಮತಿಯವರು ಕೊಳ್ಳದ ಕಾರು

ನಮ್ಮ ಕಟ್ಟಡದ ಕೆಳಗೆ, ಮೀಟರ್ ಪೆಟ್ಟಿಗೆಗಳ ಪಕ್ಕದ ಗೋಡೆಯ ಮೇಲೆ, ನೀಲಿ ಸೀಮೆಸುಣ್ಣದಲ್ಲಿ ಬರೆದ ಒಂದು ಚೌಕವಿತ್ತು. ಎರಡು ಅಂಗೈ ಜೋಡಿಸಿ ಇಟ್ಟರೆ ಮುಚ್ಚಿಹೋಗುವಷ್ಟು ದೊಡ್ಡದು. ಆರು ವರ್ಷ ನಾನು ಅದರ ಮುಂದೆಯೇ ನನ್ನ ಹಳೆಯ ಪೆಟ್ರೋಲ್ ಕಾರನ್ನು ನಿಲ್ಲಿಸಿದೆ. ಮೊದಮೊದಲು ಅದು ಕಣ್ಣಿಗೆ ಬೀಳುತ್ತಿತ್ತು. ಆಮೇಲೆ ಅದನ್ನು ನೋಡದೆ ಇರುವುದೇ ಅಭ್ಯಾಸವಾಯಿತು.

ಆ ಕಾರು ದಾರಿಯಲ್ಲಿ ಮೂರನೆಯ ಸಲ ಕೈಕೊಟ್ಟ ದಿನ ನನ್ನ ಹೆಂಡತಿ ಪದ್ಮಿನಿ, "ಈ ಸಲ ಕರೆಂಟ್ ಕಾರು ತಗೊಳ್ಳೋಣ ಕಣ್ರೀ" ಅಂದಳು. ಆ ವಾರವೇ ಇಬ್ಬರೂ ಹೋಗಿ ಒಂದನ್ನು ಓಡಿಸಿ ನೋಡಿದೆವು. ಹೊರಟಿದ್ದೇ ತಿಳಿಯದಷ್ಟು ಮೆತ್ತಗೆ ಹೊರಟಿತು. ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದೂರ ಹೋಗುತ್ತದೆ, ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ ಎಂದೆಲ್ಲ ಕೇಳಿದೆ. ಕೊನೆಗೆ ಮಾರಾಟದವನು, "ಮನೇಲಿ ಚಾರ್ಜ್ ಮಾಡೋಕೆ ಜಾಗ ಇದೆಯಾ ಸರ್?" ಎಂದು ಕೇಳಿದ.

"ಇದೆಯಲ್ಲ, ನಮ್ಮ ಕಾರು ನಿಲ್ಲೋದೇ ಮೀಟರ್ ಪಕ್ಕ" ಎಂದಳು ಪದ್ಮಿನಿ.

ಹಿಂದಿರುಗುವಾಗ ಅವಳೇ ಮತ್ತೆ ಮಾತೆತ್ತಿದಳು. "ವಸುಮತಿಯವರನ್ನ ಒಂದು ಮಾತು ಕೇಳಿ. ಅವರು ಆಗ ಎಲ್ಲ ವಿಚಾರಿಸಿದ್ರಲ್ಲ. ಆಗಿನ ಬ್ಯಾಟರಿ ಅಪಾಯ ಅಂತ ನೀವೇ ಬೇಡ ಅಂದಿರಿ. ಈಗ ಸುಧಾರಿಸಿರಬೇಕು ಅಲ್ವಾ?"

"ಸುಧಾರಿಸಿರಬೇಕು" ಎಂದೆ.

ವಸುಮತಿ ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಒಬ್ಬರೇ ಇದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸ. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಬಲಗಾಲು ಸೊರಗಿತ್ತು. ಎಡಗೈಯಲ್ಲಿ ಊರುಗೋಲು ಹಿಡಿದು ನಡೆಯುತ್ತಿದ್ದರು. ಆರು ವರ್ಷದ ಹಿಂದೆ ಅವರು ಒಂದು ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟಿದ್ದರು. ಗೇರಿಲ್ಲದ ಗಾಡಿ; ಕಾಲಿನ ಕೆಲಸವನ್ನೆಲ್ಲ ಎಡಗೈಯ ಒಂದು ಹಿಡಿಯಿಂದಲೇ ಮಾಡುವಂತೆ ಅದನ್ನು ಬದಲಾಯಿಸಿಕೊಡುವವರನ್ನು ಹುಡುಕಿದ್ದರು. ಓಡಿಸುವುದನ್ನು ಕಲಿತು ಲೈಸೆನ್ಸನ್ನೂ ಪಡೆದಿದ್ದರು. ಎಲೆಕ್ಟ್ರಿಷಿಯನ್ನನ್ನು ಕರೆಸಿ, ಚಾರ್ಜ್ ಮಾಡುವ ಪೆಟ್ಟಿಗೆ ಎಲ್ಲಿ ಬರಬೇಕೆಂದು ಗೋಡೆಯ ಮೇಲೆ ಆ ನೀಲಿ ಚೌಕವನ್ನು ಬರೆಸಿದ್ದೂ ಅವರೇ. ಉಳಿದಿದ್ದು ನಮ್ಮ ಎಂಟು ಮನೆಯವರ ಒಪ್ಪಿಗೆ ಮಾತ್ರ.

ಆ ಮನೆಗಳ ಸಂಘದ ಕಾರ್ಯದರ್ಶಿ ನಾನು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಒಂದು ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಸಭೆ ಕರೆದೆ. ನಮ್ಮಲ್ಲಿ ಲಿಫ್ಟ್ ಇರಲಿಲ್ಲ. ಸಭೆಯನ್ನು ಕೆಳಗೆ ಇಟ್ಟುಕೊಳ್ಳಬಹುದಿತ್ತು ಎಂಬುದು ನನಗೆ ತೋಚಲಿಲ್ಲವೋ, ತೋಚಿಯೂ ಬಿಟ್ಟೆನೋ, ಇವತ್ತಿಗೂ ಖಚಿತವಾಗಿ ಹೇಳಲಾರೆ. ವಸುಮತಿ ಕಾಗದಪತ್ರಗಳ ಚೀಲವನ್ನು ಕುತ್ತಿಗೆಗೆ ನೇತುಹಾಕಿಕೊಂಡು ಮೂರು ಮಹಡಿ ಹತ್ತಿ ಬಂದರು. ಅವರು ಉಸಿರು ತಿರುಗಿಸಿಕೊಳ್ಳುವ ಮೊದಲೇ ನಾನು ಮಾತು ಶುರು ಮಾಡಿದ್ದೆ.

ಇಂಥ ಬ್ಯಾಟರಿ ಯಾವಾಗ ಬೇಕಾದರೂ ಹೊತ್ತಿಕೊಳ್ಳಬಹುದು ಎಂದೆ. ಮಕ್ಕಳು ಮಲಗಿರುವ ಮನೆಗಳ ಕೆಳಗೇ ಅದನ್ನು ಇಟ್ಟುಕೊಳ್ಳುವುದು ಎಂಥ ಧೈರ್ಯ ಎಂದು ಕೇಳಿದೆ. ಭೌತಶಾಸ್ತ್ರದ ಒಂದೆರಡು ದೊಡ್ಡ ಪದಗಳನ್ನೂ ಬಳಸಿದೆ. ಸರಿಯಾದ ತಂತಿ, ಸರಿಯಾದ ಸ್ವಿಚ್ಚು ಹಾಕಿಸಿದರೆ ಅಷ್ಟೆಲ್ಲ ಹೆದರಬೇಕಾಗಿಲ್ಲ ಎಂಬುದು ನನಗೆ ಗೊತ್ತಿತ್ತು. ನನಗಿದ್ದ ಹೆದರಿಕೆಯೇ ಬೇರೆ. ಮೀಟರ್ ಪಕ್ಕದ ಆ ನೆರಳಿನ ಜಾಗ ಅವರದಾದರೆ ನನ್ನ ಕಾರು ಚರಂಡಿ ಪಕ್ಕದ ಬಿಸಿಲಿಗೆ ಹೋಗಬೇಕಾಗಿತ್ತು. ಅಷ್ಟೇ.

"ಮೇಷ್ಟ್ರು ಹೇಳಿದ ಮೇಲೆ ಇನ್ನೇನಿದೆ?" ಎಂದರು ಎರಡನೇ ಮಹಡಿಯ ಪುಟ್ಟಣ್ಣಯ್ಯ. ಉಳಿದವರು ತಲೆಯಾಡಿಸಿದರು. ವಸುಮತಿ ಚೀಲವನ್ನು ಬಿಚ್ಚಲೇ ಇಲ್ಲ.

ಈಗ ಅದೇ ಕಾಗದಪತ್ರ ಬೇಕಾಗಿ ನಾನು ಅವರ ಬಾಗಿಲು ತಟ್ಟಿದೆ.

"ಬನ್ನಿ ಮೇಷ್ಟ್ರೇ" ಎಂದು ಒಳಗೆ ಕರೆದರು. ವಿಷಯ ಹೇಳಿದೆ. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಬೀರುವಿನಿಂದ ಕಡತ ತೆಗೆಯಲು ಬಲಗೈಯಲ್ಲಿದ್ದ ಊರುಗೋಲನ್ನು ಒರಗಿಸಿಟ್ಟು ಅದೇ ಕೈಯನ್ನಷ್ಟೇ ಚಾಚಿದರು. ಎಡಗೈ ಸೊಂಟದ ಹತ್ತಿರವೇ ಇತ್ತು. ಊರುಗೋಲು ಬಲಗೈಗೆ ಬದಲಾಗಿದ್ದನ್ನು ನಾನು ಆಗ ಗಮನಿಸಿದೆ. ಒಂದೇ ಕಟ್ಟಡದಲ್ಲಿದ್ದೂ ಅದುವರೆಗೆ ನೋಡಿರಲಿಲ್ಲ.

"ಎಲೆಕ್ಟ್ರಿಷಿಯನ್ ನಂಬರ್ ಮೊದಲನೇ ಹಾಳೆಯಲ್ಲೇ ಇದೆ. ಒಳ್ಳೇ ಮನುಷ್ಯ" ಎಂದರು.

"ನೀವೂ ಈಗ ತಗೋಬಹುದಲ್ಲ ವಸುಮತಿಯವರೇ? ಇಬ್ಬರದೂ ಸೇರಿಸಿ ಅನುಮತಿ ಕೇಳೋಣ."

"ಇಲ್ಲ ಮೇಷ್ಟ್ರೇ. ಅಷ್ಟು ವರ್ಷ ಕೋಲು ಊರಿ ಊರಿ ಈ ಭುಜ ಸವೆದುಹೋಗಿದೆಯಂತೆ. ಸ್ಟೀರಿಂಗ್‌ಗೆ ಬಲಗೈ ಬೇಕು, ಆ ಹಿಡಿ ಒತ್ತೋಕೆ ಎಡಗೈಯೇ ಬೇಕು. ಆಗ ಆಗ್ತಿತ್ತು. ಈಗ ಆಗಲ್ಲ." ಕಡತವನ್ನು ನನಗೆ ಕೊಟ್ಟು ಮುಂದುವರಿಸಿದರು: "ನೀವು ಬೇಜಾರು ಮಾಡ್ಕೋಬೇಡಿ. ಅವತ್ತು ನೀವು ಹೇಳದೆ ಇದ್ದಿದ್ರೆ ಅಷ್ಟು ಮಕ್ಕಳ ತಲೆ ಕೆಳಗೆ ಅದನ್ನ ತಂದಿಟ್ಟುಬಿಡ್ತಿದ್ದೆ. ಎಷ್ಟೋ ಸಲ ಅಂದ್ಕೊಂಡಿದೀನಿ, ಸದ್ಯ, ತಿಳಿದವರು ಒಬ್ಬರು ಇದ್ರಲ್ಲ ಅಂತ."

ಆರು ವರ್ಷವೂ ಅವರು ನನ್ನನ್ನು ಒಳಗೊಳಗೇ ಬೈಯುತ್ತಿದ್ದಾರೆಂದು ನಾನು ತಿಳಿದಿದ್ದೆ. ಅದನ್ನು ಹೇಗೋ ತಡೆದುಕೊಳ್ಳಬಹುದಿತ್ತು. ಅವರು ನನ್ನನ್ನು ನಂಬಿದ್ದರು.

ಕಡತ ನನ್ನ ತೊಡೆಯ ಮೇಲಿತ್ತು. "ನಾನು ಅವತ್ತು ಹೇಳಿದ್ದು ನಿಜವಲ್ಲ" ಎಂದೆ. "ಅಷ್ಟು ಅಪಾಯ ಇರಲಿಲ್ಲ. ನನಗೆ ಗೊತ್ತಿತ್ತು. ಆ ಜಾಗ ಬಿಡೋಕೆ ಮನಸ್ಸಿರಲಿಲ್ಲ."

ಅವರು ಕಿಟಕಿಯತ್ತ ತಿರುಗಿದರು.

"ಜಾಗ ಬೇಕು ಅಂತಲೇ ಹೇಳಬಹುದಿತ್ತಲ್ಲ ಮೇಷ್ಟ್ರೇ" ಎಂದರು. "ಉದ್ದದ ತಂತಿ ಸಿಗುತ್ತೆ. ನಾನು ಬಿಸಿಲಲ್ಲೇ ನಿಲ್ಲಿಸ್ಕೋತಿದ್ದೆ."

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಬಲಗೈ ಎತ್ತಿ ತಡೆದರು. ಕೋಪದಿಂದಲ್ಲ, ದಣಿವಿನಿಂದ.

ಪದ್ಮಿನಿಗೆ ಅದೇ ಮಧ್ಯಾಹ್ನ ಎಲ್ಲವನ್ನೂ ಹೇಳಿದೆ. ಕಾರಿನ ಯೋಚನೆ ಬಿಟ್ಟುಬಿಡೋಣ ಎಂದೆ. ಅವಳು ನನ್ನ ಮುಖ ನೋಡದೆ, "ನೀವು ಕಾರು ಬಿಟ್ಟರೆ ಅವರ ಕೈ ಸರಿಹೋಗುತ್ತಾ? ಮೊದಲು ಎಲ್ಲರ ಮುಂದೆ ನಿಜ ಹೇಳಿ" ಅಂದಳು.

ಮುಂದಿನ ಸಭೆಯನ್ನು ಕೆಳಗೇ ಕರೆದೆ. ಆ ಚೌಕದ ಪಕ್ಕ ನಿಂತು, ವಸುಮತಿಯವರ ಎದುರಿಗೇ, ನಡೆದದ್ದನ್ನು ಹೇಳಿ ಕಾರ್ಯದರ್ಶಿ ಸ್ಥಾನ ಬಿಟ್ಟೆ. ಯಾರೂ ಬೈಯಲಿಲ್ಲ. ಪುಟ್ಟಣ್ಣಯ್ಯ ಮಾತ್ರ ನನ್ನನ್ನು ಮೇಷ್ಟ್ರು ಎಂದು ಕರೆಯುವುದನ್ನು ಅಂದಿನಿಂದ ನಿಲ್ಲಿಸಿದರು. ಚಾರ್ಜ್ ಮಾಡಲು ಅನುಮತಿ ಬೇಕೆಂದು ಸಂಘಕ್ಕೆ ಅರ್ಜಿ ಬರೆದವಳು ಪದ್ಮಿನಿ. ಒಪ್ಪಿಗೆ ಎಂದು ಮೊದಲು ಕೈ ಎತ್ತಿದವರು ವಸುಮತಿ.

ಕಾರು ಬಂತು. ವಸುಮತಿಯವರನ್ನು ಆಸ್ಪತ್ರೆಗೆ ದಿನಾ ಬಿಡುತ್ತೇನೆಂದೆ. "ಆಟೋದವರು ಬರ್ತಾರೆ" ಎಂದು ಅವರು ನಯವಾಗಿಯೇ ಬೇಡವೆಂದರು. ನಾನು ಮತ್ತೆ ಕೇಳಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ನಾನು ಕಾರಿನ ಗಾಜು ಒರೆಸುತ್ತಿದ್ದಾಗ ಅವರೇ ಬಂದು ನಿಂತರು. "ಒಂದು ನಿಮಿಷ ಕೂರಲಾ?" ಎಂದು ಕೇಳಿದರು. ಚಾಲಕನ ಕಡೆಯ ಬಾಗಿಲು ತೆರೆದೆ. ಕೋಲನ್ನು ನನ್ನ ಕೈಗೆ ಕೊಟ್ಟು, ಕಾಲನ್ನು ಎತ್ತಿ ಒಳಗಿಟ್ಟುಕೊಂಡು ಕುಳಿತರು. ಗುಂಡಿ ಒತ್ತಿ ಚಾಲೂ ಮಾಡಿಕೊಟ್ಟೆ.

"ಶಬ್ದವೇ ಇಲ್ಲ" ಎಂದರು. ಆಮೇಲೆ ಬಾಗಿಲು ಎಳೆದುಕೊಂಡು, ಗಾಜನ್ನೂ ಮೇಲಕ್ಕೆ ಏರಿಸಿದರು. ನಾನು ಊರುಗೋಲು ಹಿಡಿದು ಹೊರಗೆ ನಿಂತೆ. ಒಳಗೆ ಅವರು ಗೇಟಿನಾಚೆಯ ರಸ್ತೆಯನ್ನು ನೋಡುತ್ತ ಬಲಗೈಯನ್ನು ಸ್ಟೀರಿಂಗ್ ಮೇಲಿಟ್ಟು ನಿಧಾನವಾಗಿ ತಿರುಗಿಸಿದರು. ನಿಂತಲ್ಲೇ ನಿಂತಿದ್ದ ಕಾರಿನ ಮುಂದಿನ ಚಕ್ರಗಳು ನೆಲದ ಮರಳನ್ನು ಕರಕರ ಅರೆಯುತ್ತ ರಸ್ತೆಯ ಕಡೆಗೆ ಹೊರಳಿದವು.